ಪಿನ್ ಮಾಡಿದ ಕಾಮೆಂಟು

ಕಾಮೆಂಟ್ರಿ ಮೇಷ್ಟ್ರಿಗೆ ನಮಸ್ಕಾರ,

ನೀವು ಫೋನ್ ಆಫ್ ಮಾಡಿದ್ದೀರಿ, ಅದಕ್ಕೇ ಚೀಟಿ ಕಳಿಸ್ತಿದ್ದೀನಿ. ಮೈಕ್ ಹಿಡಿಯೋಕೆ ಮುಂಚೆ ಓದಿಬಿಡಿ.

ನಿನ್ನೆ ಲೈವ್‌ನಲ್ಲಿ "ನನ್ನೆದೇಲಿ ಪೇಸ್‌ಮೇಕರ್ ಕೂರಿಸಿರೋ ಕಡೆ ಚರ್ಮದ ಮೇಲೆ ಕೆಂಪಗೆ ಗುಳ್ಳೆ ಎದ್ದಿದೆ, ಅದಕ್ಕೂ ಫುಟ್ಬಾಲ್ ಫೈನಲ್ ನೋಡೋ ಆಸೆ" ಅಂತ ನಗಿಸಿದ್ರಿ. "ಬಿಸಿ ಶಾಖ ಕೊಟ್ಟು ಹಿಂಡಿ ಮೇಷ್ಟ್ರೇ" ಅಂತ ಬರೆದವಳು ನಾನೇ. ನೀವದನ್ನ ಎಲ್ಲರಿಗೂ ಕಾಣೋ ಹಾಗೆ ಮೇಲೆ ಪಿನ್ ಮಾಡಿದ್ರಿ, ಮುನ್ನೂರು ಲೈಕ್ ಬಿತ್ತು, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮತ್ತೆ ಹಾರ್ಟ್ ವಾರ್ಡಲ್ಲಿ ನರ್ಸು. ಬೆಳಿಗ್ಗೆ ಅದನ್ನ ಓದಿ, "ಅದೇನು ಮೊಡವೆ ಅಂದ್ಕೊಂಡ್ಯಾ ಕತ್ತೆ? ಸೋಂಕು ಪೇಸ್‌ಮೇಕರ್ ವೈರ್ ಹಿಡ್ಕೊಂಡು ಹೃದಯಕ್ಕೇ ಇಳಿಯುತ್ತೆ" ಅಂತ ಬೈದ್ರು. ಹಿಂಡಬಾರದಂತೆ, ಸೂಜಿ ಚುಚ್ಚಿ ಕೀವು ತೆಗೆಸಬಾರದಂತೆ. ಮನೇಲಿ ಉಳಿದಿರೋ ಮಾತ್ರೆ ನುಂಗಬಾರದಂತೆ, ಮೊದಲು ರಕ್ತ ಪರೀಕ್ಷೆ ಆಗ್ಬೇಕಂತೆ. ಸೋಂಕೇ ಆಗಿದ್ರೆ ಮೆಷಿನ್ನು, ವೈರು ಎರಡನ್ನೂ ತೆಗೆದು, ಆಮೇಲೆ ಬೇರೆ ಕಡೆ ಹೊಸದು ಹಾಕ್ತಾರಂತೆ.

ಕಾಮೆಂಟ್ ಅಳಿಸಿದ್ದೀನಿ. ಇವತ್ತಿನ ಫೈನಲ್ ಕಾಮೆಂಟ್ರಿಗೆ ನಿಮ್ಮ ಶಿಷ್ಯ ಇದ್ದಾನೆ, ಅವನ ಗೊಗ್ಗರು ದನಿ ಒಂದಿನ ಸಹಿಸ್ಕೋತೀವಿ. ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಮೈದಾನದ ಹಿಂದಿನ ಗೇಟಲ್ಲಿ ಅತ್ತೆ ಕಾರಲ್ಲಿ ಕಾಯ್ತಿದ್ದಾರೆ. ಈಗಾಗ್ಲೇ ಹಿಂಡಿಬಿಟ್ಟಿದ್ರೆ ನನ್ನನ್ನ ಬಾಯಿಗೆ ಬಂದಂಗೆ ಬೈರಿ ಮೇಷ್ಟ್ರೇ. ಆದ್ರೆ ಕಾರು ಹತ್ತಿ ಬೈರಿ.

ನೀವೇ ಹೆಸರಿಟ್ಟ
ಗ್ಯಾಲರಿ ಬಾಯಿಬಡುಕಿ