ಅಳುವವಳನ್ನು ಬಿಟ್ಟು, ಸುಮ್ಮನಿದ್ದವಳ ಕಡೆಗೆ

ಎರಡು ಸಾವಿರದ ನೂರ ಎಪ್ಪತ್ತಮೂರನೆಯ ಇಸವಿ, ಎರಡನೆಯ ಮುಂಗಾರು
ಕಪ್ಪತಗುಡ್ಡದ ಕೆಳಗಿನ ಎರೆಸೀಮೆ

ನನಗಿಂತ ಬಹಳ ಮೊದಲು ಈ ನೆಲದ ಮೇಲೆ ಬದುಕಿದ ಹಿರಿಯರಿಗೆ ಹುಲಿಗೆವ್ವ ಮಾಡುವ ನಮಸ್ಕಾರಗಳು.

ಈ ತಾರೀಖನ್ನು ನೀವು ನಂಬಲಿಕ್ಕಿಲ್ಲ. ನನ್ನ ಮಾತಿನಲ್ಲಿ ನೀವು ಕೇಳಿರದ ಪದಗಳೂ ಬರುತ್ತವೆ, ಮನ್ನಿಸಬೇಕು. ನಮ್ಮಲ್ಲಿ ಮಳೆಗಾಲ ಒಡೆದು ಎರಡಾಗಿದೆ. ನಡುವೆ ಬಿರುಬಿಸಿಲು, ಎರಡನೆಯ ಮುಂಗಾರಿನಲ್ಲಿ ನೀರಿಗಿಂತ ಸಿಡಿಲೇ ಹೆಚ್ಚು. ಅದಕ್ಕಾಗಿ ಹೊಲಹೊಲಕ್ಕೂ ಸಿಡಿಲುಮನೆ ಕಟ್ಟಿಕೊಂಡಿದ್ದೇವೆ. ಅಂದರೆ ಮಾಡು, ಗೋಡೆ ಎಲ್ಲವೂ ಲೋಹದ್ದಾಗಿದ್ದು, ತಾಮ್ರದ ಪಟ್ಟಿಗಳು ನೆಲದಾಳಕ್ಕೆ ಇಳಿದಿರುವ ಕೋಣೆ. ಮೋಡ ಕಟ್ಟುವ ಸುಳಿವು ಸಿಕ್ಕ ಕೂಡಲೇ ಮುಗಿಲಕೊಂಬು ಎಂಬ ಎಚ್ಚರಿಕೆಯ ಯಂತ್ರ ಕೂಗುತ್ತದೆ. ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಬರಬಾರದು. ಮಕ್ಕಳಿಗೆ ಬೇಸರವಾಗದಿರಲೆಂದು ನಾವು ಹೆಂಗಸರು ಹುರಿದ ಶೇಂಗಾ ಅಲ್ಲಿಯೇ ಇಟ್ಟಿರುತ್ತೇವೆ. ಕೆಲವು ಮದುವೆ ಮಾತುಕತೆಗಳೂ ಅಲ್ಲಿಯೇ ಮುಗಿದಿವೆ.

ಏಷ್ಯಾದ ದೇಶಗಳೆಲ್ಲ ಸೇರಿ ನಡೆಸುವ ಸಿಡಿಲುಕೂಟ ಎಂಬುದೊಂದಿದೆ. ಒಂದು ದೇಶದವರು ಇನ್ನೊಂದಕ್ಕೆ ಹೋಗಿ ಸಿಡಿಲಿನಿಂದ ಪಾರಾಗುವುದನ್ನು ಕಲಿಸುತ್ತಾರೆ. ನಮ್ಮೂರಿಗೆ ನೇಪಾಳದಿಂದ ಪಸಾಂಗ್ ಎಂಬ ಹೆಣ್ಣುಮಗಳು ಬಂದಿದ್ದಳು. ಊರಿಗೆಲ್ಲ ಕರೆ ಹೋದರೂ ಸುಗ್ಗಿಯ ಹೊತ್ತೆಂದು ಬಂದವರು ಬೆರಳೆಣಿಕೆಯಷ್ಟು ಜನ. ಎದೆ ಒತ್ತಿ ಉಸಿರು ಮರಳಿಸುವುದನ್ನು ಅವಳು ಕಲಿಸಿದಳು. ಸಿಡಿಲು ನಾಲ್ಕು ಜನಕ್ಕೆ ಬಡಿದಿದ್ದರೆ ಅಳುವವರ ಕಡೆ ಮೊದಲು ಹೋಗಬೇಡಿ ಎಂದಳು. ಅಳುವವರಿಗೆ ಉಸಿರಿದೆ, ಅವರು ಬದುಕುತ್ತಾರೆ. ಸತ್ತಂತೆ ಬಿದ್ದವರನ್ನು ಆ ಗಳಿಗೆಯಲ್ಲಿ ಹಿಡಿದರೆ ಮಾತ್ರ ಉಳಿಸಬಹುದು. ನಾನು ತಲೆಯಾಡಿಸಿದ್ದೆ. ಕೇಳಲು ಸುಲಭವಾಗಿತ್ತು.

ಹೋದ ವರ್ಷ ಉಳ್ಳಾಗಡ್ಡಿ ಕೀಳುವಾಗ ಕೊಂಬು ಕೂಗಿತು. ಎಲ್ಲರೂ ಸಿಡಿಲುಮನೆಗೆ ನಡೆದೆವು. ರಾಶಿ ತೊಯ್ದು ಕೊಳೆಯಬಾರದೆಂದು ನನ್ನ ಮಗಳು ನೀಲವ್ವ, ಕೂಲಿಗೆ ಬಂದಿದ್ದ ಶೇಫಾಲಿ ಇಬ್ಬರೇ ತಾಡಪತ್ರಿ ಹೊದಿಸಲು ಹಿಂದುಳಿದರು. ಶೇಫಾಲಿಯ ಹಿರಿಯರು ಬಂಗಾಳದವರು. ಅವರ ನೆಲವನ್ನು ಸಮುದ್ರ ನುಂಗಿದ ಮೇಲೆ ಸುಗ್ಗಿ ಇದ್ದ ಕಡೆ ದುಡಿಯುತ್ತ ತಿರುಗುವ ಜನ. ನಾನು ಬಾಗಿಲಲ್ಲಿ ನಿಂತು ಕರೆದೆ.

“ಬಂದ್ವಿ ಯವ್ವಾ, ಒಂದ ಮೂಲಿ ಉಳದೈತಿ,” ಎಂದಳು ನೀಲವ್ವ.

ಹನಿ ಇನ್ನೂ ಬಿದ್ದಿರಲಿಲ್ಲ. ಬದುವಿನ ಬೇವಿನ ಮರಕ್ಕೆ ಬಡಿದ ಸಿಡಿಲು ನೆಲದಲ್ಲಿ ಹರಿದು ಇಬ್ಬರನ್ನೂ ಕೆಡವಿತು.

ಓಡಿದೆ. ನೀಲವ್ವ ಕಾಲು ಹಿಡಿದು ಹೊರಳಾಡುತ್ತಿದ್ದಳು. ಶೇಫಾಲಿಯ ಮೂಗಿನ ಬಳಿ ಕೈಯಿಟ್ಟರೆ ಉಸಿರಿರಲಿಲ್ಲ.

“ಯವ್ವಾ, ಕಾಲು ಉರಿಯಾಕತ್ತೈತಿ. ಇಲ್ಲಿ ಬಾ.”

ನಾನು ಶೇಫಾಲಿಯ ಪಕ್ಕ ಮೊಣಕಾಲೂರಿ, ಎದೆಯ ನಡುವೆ ಅಂಗೈ ಮೇಲೆ ಅಂಗೈಯಿಟ್ಟು ಒತ್ತತೊಡಗಿದೆ.

ಸಿಡಿಲುಮನೆಯ ಬಾಗಿಲಿನಿಂದ ನಮ್ಮ ಚಿಕ್ಕಮಾವ ಯಮನೂರಪ್ಪ ಕೂಗಿದರು: “ಮುಟ್ಟಬ್ಯಾಡ ಹುಲಿಗೆವ್ವ, ಆಕಿ ಮೈಯಾಗ ಸಿಡಿಲು ಇನ್ನೂ ಕುಂತೈತಿ.”

“ಮೈಯಾಗ ಏನೂ ಉಳದಿರಂಗಿಲ್ಲ. ಒಬ್ಬರರ ಬರ್ರಿ, ನೀಲಿನ್ನ ಒಳಗ ಕರಕೊಂಡು ಹೋಗ್ರಿ.”

ಯಾರೂ ಬರಲಿಲ್ಲ. ಅವರು ಕೆಟ್ಟವರಲ್ಲ, ನಮ್ಮ ಮನೆಯ ಪ್ರತಿ ಸಾವಿಗೂ ಹೆಗಲು ಕೊಟ್ಟವರು. ಮೇಲೆ ಇನ್ನೂ ಗುಡುಗುತ್ತಿತ್ತು, ನನಗೂ ಭಯವಿತ್ತು. ಎದೆ ಒತ್ತುತ್ತ, ನಡುನಡುವೆ ಅವಳ ಬಾಯಿಗೆ ಉಸಿರೂದುತ್ತ ಹೋದೆ. ನನ್ನ ಮಗಳು ಕರೆಯುತ್ತಲೇ ಇದ್ದಳು. ಒಮ್ಮೆ ಕರೆಯುವುದನ್ನು ನಿಲ್ಲಿಸಿದಳು. ಆಗ ನನ್ನ ಕೈ ತಪ್ಪಿತು. ತಿರುಗಿ ನೋಡಿದರೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಉಸಿರಾಡುತ್ತಿದ್ದಳು. ಮತ್ತೆ ಒತ್ತಿದೆ.

ಶೇಫಾಲಿ ಕೆಮ್ಮಿದಳು. ಆಸ್ಪತ್ರೆಯ ಹಾರುಬಂಡಿ ಬರುವ ಹೊತ್ತಿಗೆ ತಾನೇ ಉಸಿರಾಡುತ್ತಿದ್ದಳು. ಈಗ ಅವಳಿಗೊಂದು ಕೂಸಿದೆ. ನೀಲವ್ವನ ಕಾಲು ವಾಸಿಯಾಯಿತು, ಆದರೆ ಸಿಡಿಲಿನ ಸದ್ದಿಗೆ ಬಲಗಿವಿ ಕೇಳಿಸದಂತಾಯಿತು. ನಾನು ಮೊದಲೇ ಅವಳ ಬಳಿ ಹೋಗಿದ್ದರೂ ಆ ಕಿವಿ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅವಳೆದುರೇ ಹೇಳಿದರು. ಶೇಫಾಲಿ ಕೂಸನ್ನೆತ್ತಿಕೊಂಡು ಬಂದಾಗ ನೀಲವ್ವ ಹಿತ್ತಲಿಗೆ ಹೋಗಿಬಿಡುತ್ತಾಳೆ. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಅಂದಳು: “ನೀ ಮಾಡಿದ್ದು ಖರೇ ಐತಿ, ಯವ್ವಾ. ಆದ್ರ ನಾ ಕರದಿದ್ದೆ.”

ನಾನು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದೆ.

ಹಿರಿಯರೇ, ಲೋಹದ ಮನೆಗಳನ್ನು ನಾವೇ ಕಟ್ಟಿಕೊಂಡೆವು. ಸಿಡಿಲು ಬಡಿದವರನ್ನು ಮುಟ್ಟಬಾರದೆಂಬ ಭಯ ಮಾತ್ರ ನಿಮ್ಮ ಕಾಲದಿಂದ ಇಲ್ಲಿಯವರೆಗೆ ಸವೆಯದೆ ಬಂದಿದೆ. ಅದನ್ನು ನಿಮ್ಮಲ್ಲಿಯೇ ನಿಲ್ಲಿಸಿ. ಗುಡುಗು ಕೇಳಿದರೆ ಮರದ ಕೆಳಗೆ ಹೋಗಬೇಡಿ, ಮಕ್ಕಳನ್ನೂ ಹೋಗಗೊಡಬೇಡಿ. ಎದೆ ಒತ್ತುವುದನ್ನು ಕಲಿಯಿರಿ. ಮನೆಗೊಬ್ಬರು ಕಲಿತರೆ ಸಾಕೆಂದು ಸುಮ್ಮನಾಗದೆ ನೆರೆಯವರಿಗೂ ಕಲಿಸಿ. ಶೇಫಾಲಿಯನ್ನು ಉಳಿಸಲು ನಾನೊಬ್ಬಳು ಇದ್ದದ್ದೇ ಸಾಕಾಯಿತು. ನೀಲವ್ವನ ಪಕ್ಕದಲ್ಲಿ ಯಾರಾದರೂ ಒಬ್ಬರು ಹೋಗಿ ಕೈ ಹಿಡಿದು ಕೂತಿದ್ದರೆ ಸಾಕಿತ್ತು.

ಹುಲಿಗೆವ್ವ