ನಿನ್ನ ಹೆಸರಿನ ನಾಯಿ

ದೇವಿಂದ್ರ,

ನನಗೆ ಮಾತು ಕೊಟ್ಟು ಇನ್ನೊಬ್ಬಳನ್ನು ಮದುವೆಯಾದೆಯಲ್ಲ, ಆಮೇಲೆ ನಾನೊಂದು ನಾಯಿ ಸಾಕಿ ಅದಕ್ಕೆ ನಿನ್ನ ಹೆಸರನ್ನೇ ಇಟ್ಟೆ. ಇವತ್ತು ಸುರಪುರದಿಂದ ಕಾಲುವೆ ಏರಿ ಹಿಡಿದು ಅದರ ಜೊತೆ ದೇವಾಪುರದ ತನಕ ನಡೆದೆ. ಬೇಕಂತಲೇ ನಿನ್ನ ಮನೆ ಮುಂದೆ ನಿಂತು, "ಏ ದೇವಿಂದ್ರ, ಬಾರಲೇ ಇಲ್ಲಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ನಿನ್ನ ಹೆಂಡತಿ ಓಡಿ ಬಂದಳು. "ಮನಿ ಬಿಟ್ಟು ಹೋದವ್ರು ಬಂದಾರೇನ್ರಿ ಅಕ್ಕಾ?"

ನಾಯಿಯನ್ನು ತೋರಿಸಿದೆ. ಬೈಯಲಿ ಎಂದು ಕಾದೆ. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದವಳು ಒಳಗಿನಿಂದ ರೊಟ್ಟಿ ತಂದು, "ನಾನೂ ಒಮ್ಮಿ ಕರೀಲೇನ್ರಿ?" ಎಂದಳು. ಕೂಗಿಯೇ ಬಿಟ್ಟಳು. ನಾಯಿ ಓಡಿಹೋಗಿ ಅವಳ ಕೈಯಿಂದ ತಿಂದಿತು.

ನೀನೆಲ್ಲಿದ್ದೀಯೋ ಅವಳಿಗೂ ಗೊತ್ತಿಲ್ಲ. ಕರೆದರೆ ಬರುವ ದೇವಿಂದ್ರ ನಮ್ಮಿಬ್ಬರಿಗೂ ಅದೊಂದೇ.