ನಿಧಾನ ನಾಡಿಗೆ ತೆರೆಯದ ಬಾಗಿಲು

ಇಸವಿ ೨೩೧೪, ಬೇಸಿಗೆಯ ಹನ್ನೊಂದನೇ ತಿಂಗಳು
ತಂಪುಕೇರಿ, ಕೋಲಾರದ ನೆಲದಡಿ

ಹಿಂದಿನ ಕಾಲದವರೇ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಬಿಸಿಲು ತಾಳಲಾರದೆ ನಮ್ಮ ಹಿರಿಯರು ಹಳೆಯ ಗಣಿಯೊಳಗೆ ಊರು ಕಟ್ಟಿಕೊಂಡರು, ಅದೇ ತಂಪುಕೇರಿ. ಇಲ್ಲಿ ರಾಗಿಮುದ್ದೆ, ಅಣಬೆ ಸಾರು, ಗೋಡೆಯಿಂದ ಸೋರುವ ನೀರಿಗಾಗಿ ಕೊಡದ ಜಗಳ ಎಲ್ಲವೂ ಇದೆ. ಆಕಾಶವೊಂದಿಲ್ಲ. ನಾನು ರತ್ನಾವಳಿ, ಎಪ್ಪತ್ತು ದಾಟಿದ ಬಾಯಿಬಡುಕಿ.

ಕೆಲವು ತಿಂಗಳಿಂದ ನನಗೆ ತಲೆಸುತ್ತು, ನಾಲ್ಕು ಹೆಜ್ಜೆಗೇ ಏದುಸಿರು. "ವಯಸ್ಸಾಯ್ತಲ್ಲ ಅತ್ತೆ, ಸುಮ್ಕೆ ಕುಂತ್ಕೊಳ್ಳಿ" ಎಂದಳು ಸೊಸೆ ಮುನಿಲಕ್ಷ್ಮಿ. ನಾನೂ ನಂಬಿ ಕೂತೆ. ಒಂದು ದಿನ ಮುದ್ದೆ ತೊಳಸುತ್ತಲೇ ಪ್ರಜ್ಞೆ ತಪ್ಪಿ ಬಿದ್ದೆ. ಇಲ್ಲಿ ಎಲ್ಲರ ಮಣಿಕಟ್ಟಿಗೂ ಕಳಚಲಾಗದ ನಾಡಿಪಟ್ಟಿಯಿದೆ, ಅದು ಎದೆಬಡಿತವನ್ನು ಗೆರೆಯಾಗಿ ಬರೆಯುತ್ತದೆ. ನೆಲದ ಮೇಲಿನ ಆಸ್ಪತ್ರೆಯ ಡಾಕ್ಟರ್ ನಿಖತ್ ಅಲ್ಲಿಂದಲೇ ಆ ಗೆರೆ ನೋಡಿ ಬಿಡಿಸಿ ಹೇಳಿದರು. ಹೃದಯದ ಮೇಲಿನ ಕೋಣೆಗಳ ಸಂಕೇತ ಕೆಳಗಿನ ಕೋಣೆಗಳಿಗೆ ಮುಟ್ಟುತ್ತಿಲ್ಲ. ಕೆಳಗಿನವು ತಮ್ಮ ಪಾಡಿಗೆ ನಿಧಾನವಾಗಿ ಬಡಿಯುತ್ತಿವೆ. ನಾನು ನುಂಗುತ್ತಿದ್ದ, ನಾಡಿ ಇಳಿಸುವ ಬಿಪಿ ಮಾತ್ರೆ ನಿಲ್ಲಿಸಿ ನೋಡಿದರು, ಫಲವಿಲ್ಲ. ಪೇಸ್‌ಮೇಕರ್ ಕೂರಿಸಲೇಬೇಕು, ಅದರ ಸಲಕರಣೆಯೆಲ್ಲ ಮೇಲೆ.

ಲಿಫ್ಟಿನ ಬಾಗಿಲು ಎದುರಿಗಿರುವ ಪ್ರತಿಯೊಬ್ಬರ ನಾಡಿಪಟ್ಟಿ ಓದಿ ತೆರೆಯುತ್ತದೆ. ಆ ಬಿಸಿ ದಾರಿಯಲ್ಲಿ ಹಿಂದೆ ಮುದುಕರು ಸತ್ತರೆಂದು, ಒಬ್ಬರ ನಾಡಿ ಐವತ್ತಕ್ಕಿಂತ ಕಡಿಮೆಯಿದ್ದರೂ ತೆರೆಯದಂತೆ ಯಾರೋ ಪುಣ್ಯಾತ್ಮರು ಮಾಡಿಟ್ಟು ತೀರಿಕೊಂಡರು. ಬದಲಿಸುವುದು ಯಾರಿಗೂ ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ! ನಾಡಿ ಕಡಿಮೆಯಿದ್ದವರು ಬಾಗಿಲ ಮುಂದೆ ಕುಣಿದು ಏರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಕೇರಿಯವರು ತಮಟೆ ಹೊಡೆದು ನನ್ನನ್ನೂ ಕುಣಿಸಿದರು. ಏರಿದ್ದು ಉಸಿರು ಮಾತ್ರ. ಇಂಥ ತಡೆಯಿರುವ ಎದೆ ಎಷ್ಟು ಕುಣಿದರೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲವಂತೆ, ಇದನ್ನು ಡಾಕ್ಟರ್ ಆಮೇಲೆ ಹೇಳಿದರು. ನಾನು ಅಲ್ಲೇ ಕುಸಿದೆ.

ಆಗ ಬಾಗಿಲು ತೆರೆಯಿತು. ನಮ್ಮ ಸುಡುಗಾಡು ಮೇಲಿದೆ, ಹಾಗಾಗಿ ಹೆಣಗಳಿಗೆ ಅದು ತಡೆಯೊಡ್ಡುವುದಿಲ್ಲ. ನನ್ನ ಎದೆ ನಿಂತ ಆ ಗಳಿಗೆಯಲ್ಲಿ ಅದು ನನ್ನನ್ನು ಸತ್ತವಳೆಂದುಕೊಂಡಿತು. ಎಲ್ಲರೂ ಬೆಚ್ಚಿ ನಿಂತುಬಿಟ್ಟರು. ಎದೆ ಮತ್ತೆ ಬಡಿಯಿತು, ಬಾಗಿಲು ಮುಚ್ಚಿತು.

ಅಂದಿನಿಂದ ಗಾಲಿಕುರ್ಚಿಯಲ್ಲಿ ಈ ಬಾಗಿಲ ಮುಂದೆಯೇ ಊಟ, ನಿದ್ದೆ. ಎದೆ ಇನ್ನೊಮ್ಮೆ ನಿಲ್ಲಲಿ ಎಂದು ಕಾಯುತ್ತಿದ್ದೇನೆ. ನಿಂತ ತಕ್ಷಣ ಮುನಿಲಕ್ಷ್ಮಿ ನನ್ನನ್ನು ಒಳಗೆ ತಳ್ಳಬೇಕು. ಒಳಗೆ ಸೇರಿದರೆ ಲಿಫ್ಟು ತಾನೇ ಏರುತ್ತದೆ, ಮೇಲೆ ಡಾಕ್ಟರ್ ಕಾದಿದ್ದಾರೆ. "ಈ ಸಲ ಬೆಚ್ಚಿ ನಿಂತ್ಕೊಳ್ಳಲ್ಲ ಅತ್ತೆ" ಅನ್ನುತ್ತಾಳೆ, ಅನ್ನುತ್ತಲೇ ಕುರ್ಚಿಯ ಗಾಲಿಗೆ ಮತ್ತೆ ಎಣ್ಣೆ ಬಿಡುತ್ತಾಳೆ. ನಿಂತ ಎದೆ ಮತ್ತೆ ಹೊರಡದಿದ್ದರೆ? ನನಗೆ ತುಂಬ ಭಯವಾಗುತ್ತಿದೆ.

ನಿಮ್ಮ ಮನೆಯ ಹಿರಿಯರು ತಲೆಸುತ್ತು ಎಂದರೆ ವಯಸ್ಸಿನ ಮೇಲೆ ಹಾಕಬೇಡಿ. ನಾಡಿ ಹಿಡಿದು ನೋಡಿ, ಇಸಿಜಿ ಮಾಡಿಸಿ. ನಿಮ್ಮ ಆಸ್ಪತ್ರೆಯ ಬಾಗಿಲು ಬದುಕಿರುವವರಿಗೂ ತೆರೆಯುತ್ತದೆ.

ಕಣ್ಣು ಮಂಜಾಗುತ್ತಿದೆ. ಮುನಿಲಕ್ಷ್ಮಿ ಕುರ್ಚಿಯ ಹಿಂದೆ ಬಂದು ನಿಂತಳು. ಹೋಗಿಬರುತ್ತೇನೆ.